ದಸ್ತು, ಮೊಳ, ಪಾವು

ಶಾಲೆಯ ಗಣಿತ ಪುಸ್ತಕದಲ್ಲಿ ಇದ್ದದ್ದು ಮೀಟರು, ಲೀಟರು, ಕಿಲೋಗ್ರಾಂ. ಗೇಟು ದಾಟಿ ಪೇಟೆಗೆ ಕಾಲಿಟ್ಟರೆ ಅಲ್ಲಿನ ಲೆಕ್ಕವೇ ಬೇರೆ. ಕಾಗದ ದಸ್ತಿನಲ್ಲಿ, ಹೂವು ಮೊಳದಲ್ಲಿ, ಕಡ್ಲೆಪುರಿ ಸೇರಿನಲ್ಲಿ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು, ಬೆನ್ನಿಗೇ ಮೆಟ್ರಿಕ್ ತೂಕಗಳೂ ಬಂದವು. ಎಪ್ಪತ್ತರ ದಶಕದಲ್ಲಿ ನಾವು ಓದುವಾಗಲೂ ಬೆಂಗಳೂರಿನ ಪೇಟೆ ಬೀದಿಗಳಲ್ಲಿ ಹಳೆಯ ಅಳತೆಗಳು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದವು.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ನಡುಬೀದಿ ದೊಡ್ಡಪೇಟೆ. ಈಗ ಎಲ್ಲರ ಬಾಯಲ್ಲೂ ಅವೆನ್ಯೂ ರೋಡು. ಅದನ್ನು ಅಡ್ಡ ಹಾಯುವುದು ಚಿಕ್ಕಪೇಟೆ. ಸುತ್ತ ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಬಳೇಪೇಟೆ, ತಿಗಳರಪೇಟೆ. ನಮ್ಮ ಕಾಲಕ್ಕೆ ಕುಂಬಾರಪೇಟೆಯಲ್ಲಿ ಮಡಕೆಗಿಂತ ಬೇರೆ ಸಾಮಾನೇ ಹೆಚ್ಚು. ಹೆಸರು ನಂಬಿ ಹೋದವರಿಗೆ ಸುತ್ತಾಟವೇ ಗತಿ.

ಜೂನ್ ಬಂತೆಂದರೆ ಮೊದಲ ಕೆಲಸ ಕಾಗದದ ಅಂಗಡಿಯಲ್ಲಿ. ದಸ್ತು ಎಂದರೆ 24 ಹಾಳೆ. 20 ದಸ್ತು ಸೇರಿದರೆ ಹಳೆಯ ಲೆಕ್ಕದ ರೀಮು, 480 ಹಾಳೆ. ಆಮೇಲೆ 500 ಹಾಳೆಯ ರೀಮು ಬಂದ ಮೇಲೆ ಎರಡೂ ಒಟ್ಟೊಟ್ಟಿಗೇ ನಡೆಯುತ್ತಿದ್ದವು, ಹಾಗಾಗಿ 'ಯಾವ ರೀಮು?' ಎಂದು ಕೇಳಿಯೇ ದುಡ್ಡು ಕೊಡಬೇಕಿತ್ತು. ಫುಲ್‌ಸ್ಕೇಪ್ ಹಾಳೆ 13½ ಅಂಗುಲಕ್ಕೆ 17 ಅಂಗುಲ. ಒಂದು ದಸ್ತನ್ನು ನಡುವೆ ಮಡಿಸಿದರೆ 96 ಪುಟದ ನೋಟ್‌ಬುಕ್. ಅಂಗಡಿಯ ಸಿದ್ಧ ನೋಟ್‌ಬುಕ್ಕಿಗಿಂತ ಅಗ್ಗ, ಕಾಗದವೂ ದಪ್ಪ.

ಆದರೆ 24 ಹಾಳೆಯನ್ನೂ ಒಂದೇ ಮಡಿಕೆ ಮಾಡಿದರೆ ಕೆಡುತ್ತದೆ. ಒಳಗಿನ ಹಾಳೆಗಳು ಹೊರಗಿನವನ್ನು ಮೀರಿ ಮುಂದೆ ಚಾಚಿಕೊಳ್ಳುತ್ತವೆ, ಅಂಚು ಕತ್ತರಿಸಿದಾಗ ನಡುವಿನ ಪುಟಗಳು ಕಿರಿದಾಗುತ್ತವೆ, ಬೆನ್ನು ಉಬ್ಬುತ್ತದೆ. ಬೈಂಡಿಂಗ್ ಬಲ್ಲವರು ಆರಾರು ಹಾಳೆಯ ನಾಲ್ಕು ಮಡಿಕೆ ಮಾಡುತ್ತಿದ್ದರು. ನಾಲ್ಕನ್ನೂ ತಟ್ಟಿ ಸಮ ಮಾಡಿ, ಹಲಗೆಗಳ ನಡುವೆ ಬಿಗಿದು, ಸೂಜಿ ತೂರಲೆಂದು ಬೆನ್ನಿನ ಮೇಲೆ ಸಣ್ಣ ಗರಗಸದಿಂದ ಗೀರು ಹಾಕುವುದು. ಗೀರು ಒಳಹಾಳೆಯನ್ನು ಮುಟ್ಟಿದರೆ ಸಾಕು. ಆಳ ಹೆಚ್ಚಾದರೆ ಮೊದಲ ಪರೀಕ್ಷೆ ಬರುವಷ್ಟರಲ್ಲಿ ಹಾಳೆ ಹರಿದು ಕೈಗೆ ಬರುತ್ತದೆ. ದಾರಕ್ಕೆ ಜೇನುಮೇಣ ಸವರಿ, ಒಂದು ಮಡಿಕೆಯ ನಡುವಿನಿಂದ ಹೊಲಿದು ತುದಿಗೆ ಬಂದಾಗ ಕೆಳಗಿನ ಮಡಿಕೆಯ ಹೊಲಿಗೆಗೆ ಸೂಜಿ ತೂರಿಸಿ ಕೊಂಡಿ ಹಾಕಬೇಕು. ಆ ಕೊಂಡಿ ತಪ್ಪಿತೋ, ಮಡಿಕೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ದಾರ ಎಳೆಯುವುದು ಬೆನ್ನಿನ ಉದ್ದಕ್ಕೆ. ಅಡ್ಡ ಎಳೆದರೆ ಕಾಗದ ಸೀಳುತ್ತದೆ.

ಅಂಟು ಮೈದಾದ್ದೇ. 100 ಗ್ರಾಂ ಮೈದಾಕ್ಕೆ ಅರ್ಧ ಲೀಟರ್ ನೀರು. ಮೊದಲು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಉಳಿದ ನೀರು ಕುದಿಯುವಾಗ ಹುಯ್ಯುತ್ತ ತಿರುವಬೇಕು. ಬಿಳುಪು ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸುವುದು. ಹುಳು ಹತ್ತದಿರಲಿ ಎಂದು ಚಿಟಿಕೆ ಮೈಲುತುತ್ತ (ತಾಮ್ರದ ಸಲ್ಫೇಟು). ಅದು ವಿಷ, ಅಡಿಗೆಯ ಪಾತ್ರೆ ಮುಟ್ಟಿಸಬಾರದು, ಅಲ್ಯೂಮಿನಿಯಂ ಪಾತ್ರೆಯನ್ನಂತೂ ತಿಂದೇ ಹಾಕುತ್ತದೆ. ಮೈಲುತುತ್ತ ಹಾಕದ ಅಂಟು ಎರಡು ದಿನಕ್ಕೆ ಹುಳಿನಾತ ಬರುತ್ತದೆ, ಜಿರಲೆಗೆ ಹಬ್ಬ.

ರಟ್ಟಿಗೂ ಓಟ, ಅಂದರೆ ನಾರಿನ ದಿಕ್ಕು, ಇದೆ. ಒಂದು ದಿಕ್ಕಿಗೆ ಸುಲಭವಾಗಿ ಬಾಗುತ್ತದೆ, ಇನ್ನೊಂದು ದಿಕ್ಕಿಗೆ ಸೆಟೆಯುತ್ತದೆ. ಸುಲಭವಾಗಿ ಬಾಗಿದಾಗ ಮಡಿಕೆಯ ಗೆರೆ ಯಾವ ಕಡೆ ಬರುತ್ತದೋ ಅದು ಪುಸ್ತಕದ ಬೆನ್ನಿಗೆ ಸಮನಾಗಿರಬೇಕು. ಅಡ್ಡ ಇಟ್ಟರೆ ಅಂಟು ಒಣಗಿದ ಮೇಲೆ ಹೊದಿಕೆ ಹಪ್ಪಳದ ಹಾಗೆ ಏಳುತ್ತದೆ. ಬೆನ್ನಿಗೆ ಕ್ಯಾಲಿಕೋ ಬಟ್ಟೆ, ರಟ್ಟಿನ ಮೇಲೆ ಬಣ್ಣದ ಅಬ್ರಿ ಕಾಗದ, ಒಳಗಡೆಗೂ ಒಂದು ಕಾಗದ. ಹೊರಗಿನದು ಒಣಗುತ್ತ ರಟ್ಟನ್ನು ತನ್ನ ಕಡೆ ಎಳೆದರೆ ಒಳಗಿನದು ಈ ಕಡೆ ಎಳೆದು ಹಿಡಿಯುತ್ತದೆ. ರಾತ್ರಿಯಿಡೀ ಭಾರದಡಿ ಇಡಬೇಕು. ಅವಸರಕ್ಕೆ ಬಿಸಿಲಲ್ಲಿಟ್ಟ ಪುಸ್ತಕ ಮತ್ತೆಂದೂ ಮಟ್ಟಸ ಮುಚ್ಚುವುದಿಲ್ಲ.

ಅವೆನ್ಯೂ ರೋಡಿನಲ್ಲಿ ಹಳೆಯ ಪುಸ್ತಕ ಕೊಳ್ಳುವುದಕ್ಕೆ ಭಾನುವಾರವೇ ವಾಸಿ. ದೊಡ್ಡ ಅಂಗಡಿಗಳು ಬಾಗಿಲು ಹಾಕಿರುತ್ತಿದ್ದವು, ಅವುಗಳ ಮೆಟ್ಟಿಲ ಮುಂದೆಯೇ ಪುಸ್ತಕ ಹರಡುತ್ತಿದ್ದರು. ಹೊದಿಕೆ ನೋಡಿ ಮೋಸ ಹೋಗುವವರೇ ಜಾಸ್ತಿ. ನೋಡಬೇಕಾದ್ದು ಪುಟದ ಬುಡ. ಅಕ್ಷರದ ಮೊಳೆ ಜೋಡಿಸಿ ಅಚ್ಚುಹಾಕಿದ ಪುಸ್ತಕಗಳು ಹೆಚ್ಚಾಗಿ 16 ಪುಟಕ್ಕೊಂದು ಫಾರಂ, ಅಂದರೆ ಒಟ್ಟಿಗೆ ಮಡಿಸಿ ಹೊಲಿದ ಕಟ್ಟು; 17, 33, 49ನೇ ಪುಟಗಳ ಕೆಳತುದಿಯಲ್ಲಿ ಫಾರಮ್ಮಿನ ಸಣ್ಣ ಅಂಕಿ ಇರುತ್ತದೆ. ಪುಸ್ತಕ ಕಳಚಿಕೊಂಡಾಗ ಒಂದು ಹಾಳೆ ಹೋಗುವುದು ಕಡಿಮೆ, ಇಡೀ ಫಾರಮ್ಮೇ ಹೋಗುತ್ತದೆ. ಆ ಅಂಕಿಗಳು ಸಾಲಾಗಿದ್ದರೆ ಪುಸ್ತಕ ಪೂರ್ತಿ ಇದ್ದ ಹಾಗೆ. ಆಮೇಲೆ ಮುದ್ರಣದ ವರ್ಷ, ಪಠ್ಯ ಬದಲಾಗಿದೆಯೇ ಎಂದು. ಭೂಗೋಳದ ಪುಸ್ತಕವಾದರೆ ನಕ್ಷೆಗಳನ್ನು ಎಣಿಸಿಕೊಳ್ಳಬೇಕು, ಯಾರಾದರೂ ಕತ್ತರಿಸಿ ಅಂಟಿಸಿಕೊಂಡಿರುತ್ತಾರೆ. ಚೌಕಾಸಿ ಇದೆಲ್ಲ ಆದ ಮೇಲೆ.

ಬಳೇಪೇಟೆಯ ಲೆಕ್ಕ ದಶಮಾಂಶ ಓದಿದವರನ್ನು ಪೇಚಿಗೆ ಸಿಕ್ಕಿಸುತ್ತಿತ್ತು. ಬಳೆಯ ಅಳತೆ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು, ಎರಡು-ಹತ್ತು. ಚೀಟಿಯಲ್ಲಿ 2.4, 2.10 ಎಂದು ಚುಕ್ಕಿ ಹಾಕಿ ಬರೆಯುತ್ತಿದ್ದರು. ತರಗತಿಯಲ್ಲಿ 2.10 ಚಿಕ್ಕದು, ಅಂಗಡಿಯಲ್ಲಿ ದೊಡ್ಡದು! ಚುಕ್ಕಿಯ ಆಚೆಗಿನದು ಅಂಗುಲದ ಹದಿನಾರನೇ ಪಾಲುಗಳು. ಎರಡು-ನಾಲ್ಕು ಎಂದರೆ ಒಳವ್ಯಾಸ ಎರಡೂಕಾಲು ಅಂಗುಲ, ಎರಡು-ಎಂಟು ಎಂದರೆ ಎರಡೂವರೆ. ಅಳತೆ ಹಿಡಿಯುವುದು ಮಣಿಕಟ್ಟಿಗಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳ ಬಳಿ ಕೈ ಎಲ್ಲಿ ಅತಿ ಅಗಲವೋ ಅಲ್ಲಿಗೆ. ಗಾಜಿನ ಬಳೆ ಒಡೆಯುವುದೂ ಆ ಗೆಣ್ಣಿನ ಹತ್ತಿರವೇ. ಸೋಪಿನ ನೀರು ಸವರಿ ಗೆಣ್ಣನ್ನು ಒತ್ತಿ ಮೆತ್ತಗೆ ಮಾಡಿಕೊಂಡು ಏರಿಸುತ್ತಿದ್ದರು. ಡಜನ್ನನ್ನು ದಾರದಲ್ಲಿ ಎತ್ತಿ ಅಲ್ಲಾಡಿಸಿದಾಗ ಸದ್ದು ಮಂಕಾದರೆ ಅದರಲ್ಲಿ ಒಂದು ಬಿರುಕು ಬಿಟ್ಟಿದೆ ಎಂದರ್ಥ.

ಕಡ್ಲೆಪುರಿಯ ಸೇರು, ಪಾವುಗಳಲ್ಲಿ ಕೈಚಳಕಕ್ಕೆ ಜಾಗ ಜಾಸ್ತಿ. ನಾಲ್ಕು ಪಾವಿಗೆ ಒಂದು ಸೇರು, ಅದು ತೂಕವಲ್ಲ, ಪಾತ್ರೆಯ ತುಂಬ. ಮೊರದಿಂದ ಮೆಲ್ಲಗೆ ಸುರಿದರೆ ಪುರಿಯ ನಡುವೆ ಗಾಳಿ ಉಳಿಯುತ್ತದೆ, ಒಮ್ಮೆ ಕುಲುಕಿದರೆ ಎರಡು ಹಿಡಿ ಹೆಚ್ಚು ಹಿಡಿಸುತ್ತದೆ. ಕೊಳ್ಳುವವರು 'ಕುಲುಕಿ ಹಾಕಪ್ಪಾ' ಎನ್ನುವುದು ಅದಕ್ಕೇ. ತಳ ಒಳಕ್ಕೆ ನೆಗ್ಗಿದ ಪಾವು ಕಂಡರೆ ಮುಂದಿನ ಅಂಗಡಿಗೆ ನಡೆಯುವುದೇ ಸರಿ.

ಹೂವಿನ ಮೊಳದಲ್ಲಿ ನ್ಯಾಯ ಹುಡುಕಬಾರದು. ಮೊಳ ಎಂದರೆ ಮೊಣಕೈಯಿಂದ ನಡುಬೆರಳ ತುದಿ, ಅದು ಮಾರುವಾಕೆಯ ಕೈ. ಗಿಡ್ಡ ಕೈಯಾದರೆ ನಷ್ಟ ನಮಗೆ. ನಾಲ್ಕು ಮೊಳಕ್ಕೆ ಒಂದು ಮಾರು. ಉದ್ದಕ್ಕಿಂತ ನೋಡಬೇಕಾದ್ದು ಗಂಟಿನ ಒತ್ತು: ಹೂವಿನ ನಡುವೆ ನಾರು ಕಂಡರೆ ಮಾಲೆ ಬರೀ ಉದ್ದ. ನೆನೆಸಿದ ಬಾಳೆನಾರಿನಲ್ಲಿ ಕಟ್ಟಿದ್ದು ತೊಟ್ಟನ್ನು ಕೊಯ್ಯುವುದಿಲ್ಲ. ಹತ್ತಿದಾರ ಬಿಗಿದರೆ ಸಂಜೆಯೊಳಗೆ ಮೊಗ್ಗು ಉದುರುತ್ತದೆ. ಚೈತ್ರ ಹುಣ್ಣಿಮೆಗೆ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡುವಾಗ ಮಲ್ಲಿಗೆಯ ಬೆಲೆ ಮುಗಿಲು ಮುಟ್ಟುತ್ತಿತ್ತು. ಆ ದಿನ ಮೊಳವೂ ಯಾಕೋ ಗಿಡ್ಡವಾಗುತ್ತಿತ್ತು.

ಹಿಟ್ಟಿನ ಗಿರಣಿಯ ನಿಯಮ ಒಂದೇ, ಸರದಿ. ಅಕ್ಕಿ ಆದ ಮೇಲೆ ರಾಗಿ, ಆಮೇಲೆ ಗೋಧಿ. ಮೆಣಸಿನಕಾಯಿಗೂ ಸೀಗೆಕಾಯಿಗೂ ಬೇರೆ ಯಂತ್ರ. ಸರದಿ ಬದಲಾದ ಕೂಡಲೇ ಬೀಳುವ ಮೊದಲ ಹಿಡಿ ಹಿಟ್ಟಿನಲ್ಲಿ ಹಿಂದಿನವರ ಕಾಳು ಬೆರೆತಿರುತ್ತದೆ, ಅದನ್ನು ಬೇರೆ ತೆಗೆದಿಡಬೇಕು. ಬಿಸಿ ಹಿಟ್ಟನ್ನು ಹಾಗೇ ಡಬ್ಬಕ್ಕೆ ತುಂಬಿ ಮುಚ್ಚಿದರೆ ಬೆವತು ಗಂಟಾಗುತ್ತದೆ, ಕಾಗದದ ಮೇಲೆ ಹರಡಿ ಆರಿಸಿಯೇ ತುಂಬಬೇಕು.

ಈ ಸಂಚಿಕೆ ಓದುವ ಮಕ್ಕಳಿಗೆ: 2017ರಿಂದ ಚಿಕ್ಕಪೇಟೆಗೆ ಮೆಟ್ರೋ ಇದೆ. ಹಳೆಯ ಪುಸ್ತಕಕ್ಕಾದರೆ ಭಾನುವಾರ ಬೆಳಿಗ್ಗೆ ಹೋಗಿ; ಕಾಗದ, ರಟ್ಟು, ಕ್ಯಾಲಿಕೋ ಬೇಕಿದ್ದರೆ ವಾರದ ದಿನ. ಕಾಗದದ ಅಂಗಡಿಯಲ್ಲಿ 'ದಸ್ತು' ಎಂದೇ ಕೇಳಿ ನೋಡಿ.