ಗಲ್ಲಾದಲ್ಲಿ ಕೂತ ಸುಬ್ಬಣ್ಣ

ಉಡುಪಿ, 22 ಜೂನ್ 2025, ಭಾನುವಾರ

‘ಶಾಖಾಹಾರಿ’ ಸಿನಿಮಾ ಬಿಡುಗಡೆಯಾದದ್ದು 2024ರ ಫೆಬ್ರವರಿಯಲ್ಲಿ. ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಇವತ್ತಿಗೂ ಯಾರಿಗಾದರೂ “ನೋಡಿ, ಒಳ್ಳೆ ಕ್ರೈಮ್ ಥ್ರಿಲ್ಲರ್” ಅಂದರೆ ಮೊದಲ ಪ್ರಶ್ನೆ, “ಹೀರೋ ಯಾರು?” ರಂಗಾಯಣ ರಘು ಅಂದ ಕೂಡಲೇ, “ಓ, ಕಾಮಿಡಿಯಾ!” ನನಗೆ ಸಿಟ್ಟು ಬರುವುದು ಇಲ್ಲೇ.

ಕಥೆ ನಡೆಯುವುದು ತೀರ್ಥಹಳ್ಳಿ ಕಡೆಯ ಮಲೆನಾಡಿನಲ್ಲಿ. ನಮಗೇನು ದೂರವಲ್ಲ, ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿದರಾಯಿತು. ಅಲ್ಲೊಂದು ಸಣ್ಣ ಸಸ್ಯಾಹಾರಿ ಹೋಟೆಲ್. ಅದನ್ನು ನಡೆಸುವವ ಸುಬ್ಬಣ್ಣ (ರಘು), ಒಂಟಿ ಜೀವ. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಹುಡುಗನೊಬ್ಬ ಪೊಲೀಸರಿಂದ ತಪ್ಪಿಸಿಕೊಂಡು, ಗಾಯದ ಸಮೇತ ಈ ಹೋಟೆಲಿಗೆ ಬಂದು ಸೇರುತ್ತಾನೆ. ಮುಂದಿನದ್ದನ್ನು ಹೇಳಿದರೆ ನೀವು ನನ್ನನ್ನು ಸುಮ್ನೆ ಬಿಡಲಿಕ್ಕಿಲ್ಲ.

ರಘು ಅವರ ಗಂಟಲು ಎಂಥದ್ದು ಅಂತ ಎಲ್ಲರಿಗೂ ಗೊತ್ತು. ‘ದುನಿಯಾ’ (2007) ಆದಮೇಲೆ ನಮ್ಮ ನಿರ್ದೇಶಕರು ಅವರಿಂದ ಕೂಗಿಸಿದರು, ಕುಣಿಸಿದರು, ಪೊಲೀಸ್ ಮಾಡಿದರು, ವಿಲನ್ ಮಾಡಿದರು. ಎಲ್ಲವನ್ನೂ ಅವರು ಮಾಡಿಕೊಟ್ಟರು. ಸುಮ್ಮನೆ ಕೂರಲು ಬಿಟ್ಟವರು ಮಾತ್ರ ಕಡಿಮೆ. ಈ ಸಿನಿಮಾದ ನಿರ್ದೇಶಕ ಸಂದೀಪ್ ಸುಂಕದ್ ಬಿಟ್ಟಿದ್ದಾರೆ. ಸುಬ್ಬಣ್ಣ ಒಳ್ಳೆಯವನೋ ಕೆಟ್ಟವನೋ ಅಂತ ನಾವು ತೀರ್ಮಾನಕ್ಕೆ ಬರುವಷ್ಟರಲ್ಲಿ ಆ ಮುಖ ಇನ್ನೇನೋ ಯೋಚಿಸುತ್ತಿರುತ್ತದೆ. ಮೈಸೂರಿನ ರಂಗಾಯಣದಲ್ಲಿ ಪಳಗಿದ ನಟ ಅವರು. ಆ ರಂಗಾಯಣವನ್ನು 1989ರಲ್ಲಿ ಕಟ್ಟಿ ನಿಲ್ಲಿಸಿದ ಬಿ.ವಿ. ಕಾರಂತರು ನಮ್ಮ ಬಂಟ್ವಾಳದ ಮಂಚಿಯವರು. ಹಾಗಾಗಿ ರಘು ಮೇಲೆ ನಮಗೂ ಒಂಚೂರು ಹಕ್ಕಿದೆ, ಅಲ್ವಾ?

ಇವತ್ತು ಮತ್ತೆ ಹಾಕಿದ್ದು ದೊಡ್ಡಪ್ಪನಿಗಾಗಿ. ಮುಂಬೈಯ ಮಾಟುಂಗದ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರು ಮಾಡಿ ಗಲ್ಲಾದವರೆಗೆ ಬಂದವರು. ಅವರಿಗೆ ಕೊಲೆಗಿಂತ ಹೋಟೆಲಿನ ಚಿಂತೆ ಜಾಸ್ತಿ. ಇಷ್ಟು ಕಮ್ಮಿ ಗಿರಾಕಿಗಳಲ್ಲಿ ಇವನಿಗೆ ಹೇಗೆ ಪೂರೈಸುತ್ತದೆ ಅಂತ ಲೆಕ್ಕ ಹಾಕಿದರು. ಆಮೇಲೆ ಮಾತು ನಿಂತಿತು. ಅರ್ಧ ಸಿನಿಮಾ ಕಳೆದ ಮೇಲೆ ಅವರೇ ಹೇಳಿದರು: “ಇವ ಸಮ ಮಾಡಿದ್ದಾನೆ ಮಾರಾಯ. ಗಲ್ಲಾದಲ್ಲಿ ಕೂತವನಿಗೆ ಬಾಯಿ ಕಮ್ಮಿ ಇರ್ಬೇಕು, ಕಣ್ಣು ಜಾಸ್ತಿ.”

ಆಮೇಲೆ ವಿವರಿಸಿದರು. ಚಿಲ್ಲರೆ ಎಣಿಸುವಾಗ ತಲೆ ಬಗ್ಗಿಯೇ ಇರುತ್ತದಂತೆ. ಆದರೆ ಯಾವ ಟೇಬಲಿನವ ಎರಡು ಬನ್ಸ್ ತಿಂದು ಒಂದರ ಬಿಲ್ ಹಿಡಿದು ಬರುತ್ತಿದ್ದಾನೆ ಅಂತ ಗೊತ್ತಾಗಬೇಕು. ಗೊತ್ತಾದದ್ದು ಮುಖದಲ್ಲಿ ಕಾಣಬಾರದು. ಸುಬ್ಬಣ್ಣನನ್ನು ಇನ್ಸ್‌ಪೆಕ್ಟರ್ ಮಾತಾಡಿಸುವ ದೃಶ್ಯಗಳನ್ನು ಹೀಗೇ ನೋಡಬೇಕು ಅಂತ ನನಗೆ ಹೊಳೆದದ್ದು ಆಗಲೇ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಕಾಣಿಸಿಕೊಳ್ಳದೆ ಅಳೆಯುತ್ತಾನೆ. ವಿಮರ್ಶೆಗಳಲ್ಲಿ ಇದನ್ನು ಯಾರೂ ಬರೆದದ್ದು ನಾನು ಓದಿಲ್ಲ. ಬರೆಯಲು ಹೋಟೆಲಿನಲ್ಲಿ ದುಡಿದಿರಬೇಕು.

ಆ ಇನ್ಸ್‌ಪೆಕ್ಟರ್ ಗೋಪಾಲಕೃಷ್ಣ ದೇಶಪಾಂಡೆ. ಇನ್ನೊಬ್ಬ ಲೆಕ್ಕಕ್ಕೆ ಸಿಗದ ನಟ. ಸುಸ್ತಾದ ಪೊಲೀಸನನ್ನು ಇವರಷ್ಟು ನಂಬುವ ಹಾಗೆ ಮಾಡುವವರು ಕಮ್ಮಿ. ಅವರ ಬಗ್ಗೆ ಬೇರೆಯೇ ಬರೆಯಬೇಕು.

ಸಿನಿಮಾ ಶುರುವಿನಲ್ಲಿ ನಿಧಾನ, ಅದು ಹೌದು. ಐದು ನಿಮಿಷಕ್ಕೊಂದು ಹೊಡೆದಾಟ ಬೇಕಾದವರು ಈ ಕಡೆ ಬರುವುದೇ ಬೇಡ.

2025ರ ಏಪ್ರಿಲ್‌ನಲ್ಲಿ ‘ಅಜ್ಞಾತವಾಸಿ’ ಬಂತು. ಅದೂ ಮಲೆನಾಡು, ಅಲ್ಲೂ ಸಾವಿನ ತನಿಖೆ, ಅಲ್ಲೂ ರಘು ಅವರೇ ಮುಖ್ಯ. ಆದರೆ ಈ ಸಲ ಅವರು ಪೊಲೀಸ್. ಮುಂದಿನ ಭಾನುವಾರ ಅದನ್ನು ಹಾಕುತ್ತೇನೆ ಅಂದೆ.

“ಅದ್ರಲ್ಲಿ ಹೋಟ್ಲು ಉಂಟಾ?” ಕೇಳಿದರು ದೊಡ್ಡಪ್ಪ.