ಕಿಂಡಿ ಊಟ: ಎರಡು ಒರಳು, ಒಂದು ಪ್ಲೈವುಡ್ ಗೋಡೆ, 24 ಜನ

ಓಬವ್ವನ ಕಥೆ ಗೊತ್ತಿಲ್ಲದವರು ಚಿತ್ರದುರ್ಗದಲ್ಲಿಲ್ಲ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದ್ದು, ಒನಕೆ ಪೆಟ್ಟಿಗೆ ಉರುಳಿದ್ದು ಮಕ್ಕಳಿಗೂ ಬಾಯಿಪಾಠ. ಅದರ ನಡುವೆ ಒಂದು ಊಟ ಇದೆ ಅನ್ನೋದನ್ನ ಮಾತ್ರ ಯಾರೂ ಅಷ್ಟಾಗಿ ಎತ್ತಾಡಲ್ಲ. ಕಾವಲಿಗಿದ್ದ ಕಹಳೆ ಮುದ್ದಹನುಮ ಉಣ್ಣೋಕೆ ಮನೆಗೆ ಬಂದಿದ್ದ. ನೀರು ತರೋಕೆ ಹೋದ ಹೆಂಡತಿ ಕಣ್ಣಿಗೆ ಕಿಂಡಿಯಲ್ಲಿ ನುಸುಳುತ್ತಿದ್ದವರು ಬಿದ್ದರು. ಒಬ್ಬರು ಉಣ್ಣಬೇಕಾದರೆ ಇನ್ನೊಬ್ಬರು ಕಾಯಬೇಕು. ಇಷ್ಟನ್ನೇ ನಿಯಮ ಮಾಡಿಕೊಂಡು ಒಂದು ಸಂಜೆಯ ಪಾಪ್-ಅಪ್ ಊಟ ಕಟ್ಟಬಹುದು: 24 ಜನರಲ್ಲಿ ಹನ್ನೆರಡು ಜನ ಉಣ್ಣುವಾಗ ಉಳಿದ ಹನ್ನೆರಡು ಜನ ಗೋಡೆ ಹಿಂದೆ ಕುಟ್ಟಿ ಕಿಂಡಿಯಲ್ಲಿ ಬಡಿಸೋದು, ಆಮೇಲೆ ಅದಲುಬದಲು.

ಥೀಮ್ ಊಟ ಅಂದ ತಕ್ಷಣ ಪೇಟ, ಫ್ಲೆಕ್ಸ್, ಥರ್ಮಕೋಲಿನ ಕೋಟೆ ಬಾಗಿಲು ನೆನಪಾಗುತ್ತೆ. ಅಷ್ಟೇ ಆದರೆ ಅದು ಛತ್ರದ ಸ್ಟೇಜಿನ ಥರ. ಬಂದವರು ಕೈ ಹಾಕದಿದ್ದರೆ ಊಟವೇ ನಡೆಯಬಾರದು, ಆಗ ಅದಕ್ಕೆ ಕಲೆ ಅನ್ನೋ ಹೆಸರು ಒಪ್ಪುತ್ತೆ. 1992ರಲ್ಲಿ ರಿಕ್ರಿತ್ ತಿರವನಿಜ ಎಂಬ ಥಾಯ್ ಕಲಾವಿದರು ನ್ಯೂಯಾರ್ಕಿನ 303 ಗ್ಯಾಲರಿಯ ಕಚೇರಿ ಸಾಮಾನನ್ನೆಲ್ಲ ಪ್ರದರ್ಶನದ ಕೋಣೆಗೆ ಸಾಗಿಸಿ, ಖಾಲಿಯಾದ ಜಾಗದಲ್ಲಿ ಥಾಯ್ ಕರಿ ಬೇಯಿಸಿ ಬಂದವರಿಗೆಲ್ಲ ಬಿಟ್ಟಿ ಬಡಿಸಿದರು. ಅಲ್ಲಿನವರಿಗೆ ಅದು ಹೊಸದು. ದಾಸೋಹದಲ್ಲಿ ಉಂಡೆದ್ದವರೇ ಸೊಂಟಕ್ಕೆ ಟವೆಲ್ ಕಟ್ಟಿ ಬಡಿಸೋಕೆ ನಿಲ್ಲೋದನ್ನ ನೋಡಿರೋ ನಮ್ಮ ಕಡೆ ಜನಕ್ಕೆ ಇದನ್ನ ಬಿಡಿಸಿ ಹೇಳೋ ಕಷ್ಟ ಇಲ್ಲ.

ಜಾಗದ ಮಾತು ಮೊದಲು. ಕೋಟೆಯೊಳಗೇ ಮಾಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅಲ್ಲಿ ಅಡುಗೆ ಮಾಡೋ ಹಾಗಿಲ್ಲ, ಗೊತ್ತುಮಾಡಿದ ಜಾಗ ಬಿಟ್ಟು ಉಣ್ಣೋ ಹಾಗೂ ಇಲ್ಲ. ತೋಟದ ಕಣವೋ ಮನೆಯ ಹಿತ್ತಲೋ ಸಾಕು. ತಾರಸಿ ಆದರೆ ಕುಟ್ಟೋ ಸದ್ದು ಕೆಳಗಿನ ಮನೆಯವರ ತಲೆ ಮೇಲೆ ಬೀಳುತ್ತೆ, ಒರಳಿನ ಕೆಳಗೆ ಹಳೇ ಟೈರು, ಅದರೊಳಗೆ ಮರಳಿನ ಚೀಲ ಇಡಿ. ಆಷಾಢದಲ್ಲಿ ಮಾತ್ರ ಬೇಡ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಜನರಿಂದ ದುಡ್ಡು ತಗೊಂಡು ಪದೇ ಪದೇ ನಡೆಸೋದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಕೊಳ್ಳಿ.

ಗೋಡೆಗೆ 8×4 ಅಡಿಯ, 12 ಎಂ.ಎಂ. ಪ್ಲೈವುಡ್ ಒಂದು ಹಾಳೆ ಸಾಕು. ಉದ್ದಕ್ಕೆ ಮಲಗಿಸಿ ನಿಲ್ಲಿಸಿದರೆ ನಾಲ್ಕಡಿ ಎತ್ತರದ ಗೋಡೆ. ಹಿಂದೆ ಮರದ ರೀಪರಿನಿಂದ ಮೂರು ತ್ರಿಕೋನ ಆಸರೆ, ಪ್ರತಿ ಆಸರೆ ಮೇಲೆ 20 ಕೆ.ಜಿ. ಮರಳಿನ ಚೀಲ. ಕಿಂಡಿ 16 ಇಂಚು ಅಗಲ, 10 ಇಂಚು ಎತ್ತರ ಇರಲಿ, ನೆಲದಿಂದ ಒಂದಡಿ ಮೇಲೆ ಬರಲಿ. ಊಟದ ತಟ್ಟೆ 12 ಇಂಚಿಗಿಂತ ದೊಡ್ಡದಿರಬಾರದು. ಅಳತೆ ಬಿಗಿಯಾದರೆ ತಟ್ಟೆ ಓರೆಯಾಗಿ ಸಾರು ಚೆಲ್ಲುತ್ತೆ, ಅದಕ್ಕೇ ಸಾರಿನ ಬಟ್ಟಲನ್ನ ಮುಕ್ಕಾಲಷ್ಟೇ ತುಂಬಿ ಬೇರೆಯಾಗಿ ದಾಟಿಸಿ. ಕಿಂಡಿಯ ಅಂಚನ್ನ ಉಪ್ಪುಕಾಗದದಲ್ಲಿ ಉಜ್ಜಿ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಮೂರನೇ ತಟ್ಟೆಗೇ ಮುಂಗೈ ತರಚುತ್ತೆ. ಜನರನ್ನೇ ಕಿಂಡಿಯಲ್ಲಿ ನುಸುಳಿಸೋ ಆಸೆ ಬೇಡ. ಸೀರೆ, ಪಂಚೆ, ಮಂಡಿನೋವು ಮೂರೂ ಅಡ್ಡ ಬರುತ್ತವೆ.

ಪಂಕ್ತಿಯನ್ನ ಗೋಡೆಯಿಂದ ಆರಡಿ ದೂರ ಹಾಕಿ, ಒಂದು ತುದಿ ಮಾತ್ರ ಕಿಂಡಿ ಹತ್ತಿರಕ್ಕೆ ತಿರುಗಲಿ. ಆ ತುದಿಯವರು ತಟ್ಟೆ ಇಸಕೊಂಡು ಕೈಯಿಂದ ಕೈಗೆ ಸಾಗಿಸುತ್ತಾರೆ. ಒರಳು ಗೋಡೆ ಹಿಂದೆ ಇನ್ನಾರಡಿ ದೂರದಲ್ಲಿರಲಿ. ಈ ಅಳತೆ ಸರಿಯಾದರೆ ಗೋಡೆಗೆ ನೇರವಾಗಿ ಚಾಪೆ ಮೇಲೆ ಕೂತವರಿಗೆ ಕುಟ್ಟೋರ ಮುಖ ಕಾಣಲ್ಲ. ಗೋಡೆ ಮೇಲಿಂದ ಒನಕೆ ತುದಿ ಏಳೋದು, ಇಳಿಯೋದು, ಆಗಾಗ ಎತ್ತಿದ ಕೈಯ ಬಳೆ, ಇಷ್ಟೇ. ಕಿಂಡಿಯಲ್ಲೂ ಮಣಿಕಟ್ಟಿನವರೆಗೆ ಒಂದು ಕೈ. ಯಾರ ಕೈಯಡುಗೆ ಅಂತ ವಿಚಾರಿಸೋ ಚಟ ಇರೋರಿಗೆ ಇಲ್ಲಿ ಸ್ವಲ್ಪ ಇರಿಸುಮುರಿಸು ಆಗಬಹುದು. ಆಗಲಿ ಬಿಡಿ.

ಮೊದಲು ಉಣ್ಣೋ ಹನ್ನೆರಡು ಜನ ಯಾರು ಅನ್ನೋದನ್ನ ಚೀಟಿ ಎತ್ತಿಯೇ ತೀರ್ಮಾನಿಸಬೇಕು. ‘ದೊಡ್ಡವರು ಮೊದಲು ಕೂರಲಿ’ ಅಂತ ಒಮ್ಮೆ ಸಡಿಲ ಬಿಟ್ಟರೆ ಹೆಂಗಸರೆಲ್ಲ ಗೋಡೆ ಹಿಂದೆ, ಗಂಡಸರೆಲ್ಲ ಚಾಪೆ ಮೇಲೆ ಆಗಿರುತ್ತೆ. ಚೀಟಿಯಿಂದ ಬಿಡುವು ಎರಡು ಥರದವರಿಗೇ: ಸಕ್ಕರೆ ಕಾಯಿಲೆ ಇರೋರು, ಚಿಕ್ಕ ಮಕ್ಕಳು. ಕಾವಲಿನ ಹನ್ನೆರಡರಲ್ಲಿ ನಾಲ್ವರು ಕುಟ್ಟೋಕೆ, ಮೂವರು ಮುದ್ದೆ ಕಟ್ಟೋಕೆ, ಮೂವರು ಕಿಂಡಿಗೆ, ಒಬ್ಬರು ನೀರಿಗೆ, ಒಬ್ಬರು ಕಹಳೆಗೆ. ಕಹಳೆ ಊದೋಕೆ ಉಸಿರು ಪಳಗಿರಬೇಕು, ಆಗದಿದ್ದರೆ ಶಂಖ ನಡೆಯುತ್ತೆ.

ಕುಟ್ಟೋದು ಶೇಂಗಾ ಚಟ್ನಿಪುಡಿ. ಚಳ್ಳಕೆರೆ ಸೀಮೆಯ ಬೆಳೆ, ಹುಡುಕಾಡೋ ಮಾತೇ ಇಲ್ಲ. ಒಂದು ಪಂಕ್ತಿಗೆ ಅರ್ಧ ಕೆ.ಜಿ. ಶೇಂಗಾ, 25 ಗ್ರಾಂ ಬ್ಯಾಡಗಿ ಖಾರದಪುಡಿ, 50 ಗ್ರಾಂ ಬೆಳ್ಳುಳ್ಳಿ, 10 ಗ್ರಾಂ ಜೀರಿಗೆ, 15 ಗ್ರಾಂ ಉಪ್ಪು. ಶೇಂಗಾವನ್ನ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಪೂರ್ತಿ ಆರಿಸಿಟ್ಟಿರಬೇಕು. ಬಿಸಿ ಇದ್ದಾಗಲೇ ಕುಟ್ಟಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತೆ. ಒಂದೊಂದು ಒರಳಿಗೆ ಕಾಲು ಕೆ.ಜಿ.ಗಿಂತ ಹೆಚ್ಚು ಹಾಕಿದರೆ ಕಾಳು ಹೊರಗೆ ಸಿಡಿಯುತ್ತೆ. ಮೊದಲು ಉಪ್ಪು, ಜೀರಿಗೆ, ಅರ್ಧ ಶೇಂಗಾ, ಆಮೇಲೆ ಖಾರ ಮತ್ತು ಉಳಿದದ್ದು, ಕೊನೆಗೆ ಬೆಳ್ಳುಳ್ಳಿ. ಬೆಳ್ಳುಳ್ಳಿ ಬಿದ್ದ ಮೇಲೆ ಹತ್ತು ಹನ್ನೆರಡು ಪೆಟ್ಟು ಸಾಕು, ತರಿತರಿಯಾಗಿರುವಾಗಲೇ ನಿಲ್ಲಿಸಿ. ಇಬ್ಬರು ಎದುರುಬದುರು ನಿಂತು ಒಬ್ಬರಾದ ಮೇಲೊಬ್ಬರು ಕುಟ್ಟೋದು ಚೆಂದ, ಅಪಾಯವೂ ಅಲ್ಲೇ. ಒರಳಿಗೆ ಕೈ ಹಾಕಿ ಕೆದಕೋ ಮುಂಚೆ ‘ನಿಲ್ಲು’ ಅಂತ ಕೂಗಲೇಬೇಕು, ಎರಡೂ ಒನಕೆ ನೆಲಕ್ಕೆ ಊರಿದ ಮೇಲೇ ಕೈ. ಖಾರ ಹಾಕುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.

ಡಬ್ಬಿಯಲ್ಲಿ ಮೊದಲೇ ಪುಡಿ ಮಾಡಿಟ್ಟುಕೊಳ್ಳೋ ಜಾಣತನ ಬೇಡ. ಕುಟ್ಟೋದು ತಡವಾದರೆ ಪಂಕ್ತಿಯವರು ಕಿಂಡಿ ಕಡೆ ನೋಡುತ್ತಾ ಬರೀ ಸಾರಲ್ಲಿ ಮುದ್ದೆ ನುಂಗಬೇಕು. ಆ ಕಾಯುವಿಕೆ ಇದ್ದರೇ ಕಿಂಡಿಗೆ ಬೆಲೆ. ಹೆಸರು ಬರೆಸಿಕೊಳ್ಳುವಾಗಲೇ ಶೇಂಗಾ ಅಲರ್ಜಿ ಕೇಳಿರಬೇಕು. ಅಂಥವರಿದ್ದರೆ ಅವತ್ತು ಶೇಂಗಾ ಆಚೆಗಿಟ್ಟು, ಶೇಂಗಾ ಕುಟ್ಟದ ಒರಳಲ್ಲೇ ಹುರಿಗಡಲೆ ಪುಡಿ ಕುಟ್ಟಿ, ಶೇಂಗಾದ ಧೂಳು ಹಾರೋ ಜಾಗದಲ್ಲಿ ಅವರನ್ನ ಕೂರಿಸೋದೂ ತಪ್ಪು.

ಮುದ್ದೆಯನ್ನ ಪಂಕ್ತಿಗೊಂದು ಸಲ ತಿರುವಬೇಕು. 24ನ್ನೂ ಒಟ್ಟಿಗೆ ಕಟ್ಟಿಟ್ಟರೆ ಎರಡನೇ ಪಂಕ್ತಿ ಹೊತ್ತಿಗೆ ಮೇಲೆಲ್ಲ ಪದರುಗಟ್ಟಿ ಗಂಟಲಲ್ಲಿ ಇಳಿಯಲ್ಲ. ಹನ್ನೆರಡು ಜನಕ್ಕೆ ಮುಕ್ಕಾಲು ಕೆ.ಜಿ. ರಾಗಿಹಿಟ್ಟು, ಹಿಟ್ಟು ಅಳೆದ ಪಾತ್ರೆಯಲ್ಲೇ ಎರಡರಷ್ಟು ನೀರು. ಕುದಿಯೋ ನೀರಿಗೆ ಹಿಟ್ಟನ್ನ ಗುಡ್ಡೆ ಹಾಕಿ, ನಡುವೆ ಕೋಲಿನಲ್ಲಿ ತೂತು ಮಾಡಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯೋಕೆ ಬಿಟ್ಟು ತಿರುವಬೇಕು. ಅವಸರಕ್ಕೆ ಮೊದಲೇ ತಿರುವಿದರೆ ಗಂಟು ಖಂಡಿತ. ತಿರುವೋದು ಪಳಗಿದವರ ಕೆಲಸ, ಕಟ್ಟೋದನ್ನ ಬಂದವರಿಗೆ ಬಿಡಿ. ಒದ್ದೆ ಮಣೆ, ತಣ್ಣೀರಿನ ಬಟ್ಟಲು ಪಕ್ಕದಲ್ಲಿದ್ದರೆ ಕೈ ಸುಡಲ್ಲ. ಜತೆಗೆ ಬಸ್ಸಾರು, ಸೊಪ್ಪಿನ ಪಲ್ಯ, ನವಣೆ ಅನ್ನ, ಮಜ್ಜಿಗೆ. ಇವೆಲ್ಲ ಮುಂಚೆಯೇ ಆಗಿರಲಿ, ಸಾರು ಮಾತ್ರ ಒಲೆಯಿಂದ ಇಳಿಯಬಾರದು.

ಊಟದ ನಡುವೆ ಒಮ್ಮೆ ಕಹಳೆ. ಆಗ ಎಲ್ಲರೂ ಮಾತು ನಿಲ್ಲಿಸಬೇಕು, ಕಿಂಡಿಯಲ್ಲಿ ಹನ್ನೆರಡು ಮಿರ್ಚಿ ಬರುತ್ತೆ. ಹತ್ತರಲ್ಲಿ ಬೀಜ, ಒಳಗಿನ ಬಿಳಿ ತಿರುಳು ಎರಡೂ ತೆಗೆದಿರುತ್ತೆ (ಖಾರ ಹೆಚ್ಚಿರೋದು ತಿರುಳಲ್ಲೇ), ಎರಡರಲ್ಲಿ ಹಾಗೇ ಬಿಟ್ಟಿರುತ್ತೆ. ಖಾರದ್ದು ಸಿಕ್ಕವರು ಹೈದರಾಲಿ ಕಡೆಯವರು, ಮುಂದಿನ ಪಾಳಿಯಲ್ಲಿ ಮೊದಲ ಒನಕೆ ಅವರದ್ದೇ. ಖಾರ ಒಲ್ಲದವರ ಮುಂಗೈಗೆ ಮೊದಲೇ ಕೆಂಪು ದಾರ ಕಟ್ಟಿರಿ, ಅವರಿಗೂ ಮಕ್ಕಳಿಗೂ ಮಿರ್ಚಿ ಬದಲು ಒಂದು ಹಿಡಿ ಒಗ್ಗರಣೆ ಮಂಡಕ್ಕಿ ಕೊಟ್ಟರೆ ಖುಷಿಯೇ.

ಕಹಳೆ ಆಯ್ತು ಅಂತ ಉಣ್ಣೋರನ್ನ ಮಾತ್ರ ಎಬ್ಬಿಸಬೇಡಿ. ಅರ್ಧ ಊಟದಲ್ಲಿ ಏಳಿಸಿದರೆ ಆಟ ಅಂತ ಯಾರೂ ತಗೊಳ್ಳಲ್ಲ, ಅವಮಾನ ಅಂತಲೇ ತಗೊಳ್ಳೋದು. ಪಾಳಿ ಬದಲಾಗೋದು ಮಜ್ಜಿಗೆ ಕುಡಿದ ಮೇಲೆ. ತಮ್ಮ ತಟ್ಟೆ ತೊಳೆದು ತಾವೇ ಕಿಂಡಿಯಲ್ಲಿ ಒಳಗೆ ಕಳಿಸೋದು ಮೊದಲ ಪಂಕ್ತಿಯ ಕೊನೆ ಕೆಲಸ, ಎರಡನೇ ಪಂಕ್ತಿಗೆ ಅದೇ ತಟ್ಟೆ. ಒಂದು ಪಂಕ್ತಿಗೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಏಳಕ್ಕೆ ಶುರು ಮಾಡಿದರೆ ಒಂಬತ್ತರೊಳಗೆ ಎಲ್ಲರದ್ದೂ ಆಗಿರುತ್ತೆ.

ಒರಳನ್ನ ಸೋಪಿನಲ್ಲಿ ತೊಳೆಯೋಕೆ ಹೋಗಬೇಡಿ, ಕಲ್ಲು ವಾಸನೆ ಹಿಡಿದಿಟ್ಟುಕೊಳ್ಳುತ್ತೆ. ಅವತ್ತು ರಾತ್ರಿಯೇ ಒಂದು ಹಿಡಿ ಅಕ್ಕಿ ಹಾಕಿ ಕುಟ್ಟಿ ಎಣ್ಣೆಜಿಡ್ಡು ತೆಗೆದು, ಬಿಸಿನೀರು ಸುರಿದು ಉಜ್ಜಿ, ಮಾರನೇ ದಿನ ಬಿಸಿಲಿಗೆ ಬಾಯಿ ಮಾಡಿ ಒಣಗಿಸಿ. ಹಾಗೇ ಬಿಟ್ಟರೆ ಶೇಂಗಾ ಎಣ್ಣೆ ಕಮಟು ವಾಸನೆ ಹೊಡೆದು, ಮುಂದಿನ ಸಲದ ಪುಡಿಗೂ ಅದೇ ಅಂಟುತ್ತೆ.