ಹಟ್ಟಿಯ ಕುಲುಮೆಗೆ ಹೆಸರಿಟ್ಟ ವಾರಾಂತ್ಯ

ಹವ್ಯಾಸಕ್ಕೆ ಕಬ್ಬಿಣ ಬಡಿಯುವವರಿಗೆ ಕುಲುಮೆಗೊಂದು ಹೆಸರು ಬೇಕು ಅನ್ನಿಸುವುದು ಮಾಡಿದ ಸಾಮಾನು ಮನೆ ದಾಟಿ ಹೊರಗೆ ಹೋಗಲು ಶುರುವಾದ ಮೇಲೆ. ನಮ್ಮದೇ ಗೋಡೆಗೆ ಹೊಡೆದ ಕೊಕ್ಕೆಗೆ ಹೆಸರಿನ ಹಂಗಿಲ್ಲ. ಸಂತೆಯಲ್ಲಿ ಅದನ್ನು ಕೊಂಡವರು ವರ್ಷಗಳ ನಂತರ ಅಂಥದ್ದೇ ಇನ್ನೆರಡು ಬೇಕೆಂದು ಹುಡುಕುವಾಗ ಕೊಕ್ಕೆಯ ಮೇಲೆ ಏನಾದರೂ ಗುರುತು ಇರಬೇಕಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಚೆಸ್ಟರ್ ಕೌಂಟಿಯಲ್ಲಿರುವ, ಕುಂದಾಪುರ ಕಡೆಯ ಸ್ನೇಹಿತರೊಬ್ಬರು ಈ ಹಂತಕ್ಕೆ ಬಂದಿದ್ದರು. ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಭಾನುವಾರ ಮನೆಯ ಹಿಂದಿನ ಹಳೆಯ ದನದ ಕೊಟ್ಟಿಗೆಯಲ್ಲಿ ಕುಲುಮೆ. ಹೆಸರು ಆರಿಸಿ, ಮುದ್ರೆ ಕೊರೆದು, ಮೊದಲ ಕೊಕ್ಕೆಗೆ ಒತ್ತುವ ತನಕದ ಕೆಲಸ ಒಂದೇ ವಾರಾಂತ್ಯದಲ್ಲಿ ಆಯಿತು. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಅದರ ವಿವರ ಉಪಯೋಗಕ್ಕೆ ಬಂದೀತು.

ಶನಿವಾರ ಬೆಳಿಗ್ಗೆ ಅವರ ಕೈಯಲ್ಲೊಂದು ಹೆಸರುಗಳ ಪಟ್ಟಿಯಿತ್ತು. ಎಲ್ಲ ಕಡೆ ಕಾಣುವ ಹೆಸರುಗಳೇ: ಕಪ್ಪು ಅಡೆಗಲ್ಲು (ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ), ಕೆಂಪು ಡ್ರ್ಯಾಗನ್, ಕಾಗೆ, ಫೀನಿಕ್ಸ್, ಥಾರ್‌ನ ಸುತ್ತಿಗೆ. ಆ ಸೀಮೆಯವರಾದ್ದರಿಂದ ‘ವ್ಯಾಲಿ’ ಸೇರಿದ ಹೆಸರುಗಳೂ ನಾಲ್ಕಾರು. ಹತ್ತಿರದ ವ್ಯಾಲಿ ಫೋರ್ಜ್ ಎಂಬ ಊರಿಗೆ ಹೆಸರು ಬಂದದ್ದೇ ಒಂದು ಕುಲುಮೆಯಿಂದ. ವ್ಯಾಲಿ ಕ್ರೀಕ್ ಎಂಬ ತೊರೆಯ ದಡದಲ್ಲಿ 1742ರಲ್ಲಿ ಶುರುವಾದ ಆ ಕಬ್ಬಿಣದ ಕಾರ್ಖಾನೆಯ ಅಸಲು ಹೆಸರು ಮೌಂಟ್ ಜಾಯ್ ಫೋರ್ಜ್. ಜನ ತೊರೆಯ ಹೆಸರು ಹಿಡಿದು ಕರೆದರು, ಅದೇ ಉಳಿಯಿತು. 1777ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಅದನ್ನು ಸುಟ್ಟುಹಾಕಿತು. ಅದೇ ಡಿಸೆಂಬರಿನಲ್ಲಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಜಾರ್ಜ್ ವಾಷಿಂಗ್ಟನ್ನರ ಸೈನ್ಯ ಅಲ್ಲಿ ಬೀಡುಬಿಟ್ಟಿತು. ಇಷ್ಟು ದೊಡ್ಡ ಹೆಸರಿನ ಪಕ್ಕದಲ್ಲಿ ಇನ್ನೊಂದು ‘ವ್ಯಾಲಿ’ ಇಟ್ಟರೆ ಹುಡುಕುವವರಿಗೆ ಸಿಗುವುದು ಅಲ್ಲಿ ಈಗಿರುವ ರಾಷ್ಟ್ರೀಯ ಉದ್ಯಾನವೇ ಹೊರತು ನಮ್ಮ ಕೊಕ್ಕೆಯಲ್ಲ. ಆ ಸಾಲನ್ನೆಲ್ಲ ಹೊಡೆದುಹಾಕಿದೆವು.

ಜಾಗದ ಹೆಸರು ಕೆಟ್ಟದ್ದೆಂದಲ್ಲ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಇಪ್ಪತ್ತನೇ ಶತಮಾನದ ಅಮೆರಿಕದ ಹೆಸರಾಂತ ಕಮ್ಮಾರ ಫ್ರಾನ್ಸಿಸ್ ವಿಟೇಕರ್ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ನಡೆಸಿದ ಕುಲುಮೆ ‘ಫೋರ್ಜ್ ಇನ್ ದ ಫಾರೆಸ್ಟ್’, ಅಂದರೆ ಕಾಡೊಳಗಿನ ಕುಲುಮೆ. ಹೆಸರು ಕೇಳಿದರೆ ಜಾಗ ಕಣ್ಣಿಗೆ ಕಟ್ಟುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನ ಮೌಸ್ ಹೋಲ್ ಫೋರ್ಜ್ ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಕೆಲವು ಅಡೆಗಲ್ಲುಗಳ ಪಕ್ಕೆಯಲ್ಲಿ ಹೆಸರಿನ ಜೊತೆ ಒಂದು ಇಲಿಯ ಚಿತ್ರವೂ ಇರುತ್ತಿತ್ತು. ಅಕ್ಷರ ಸವೆದು ಓದಲಾಗದೆ ಹೋದರೂ ಇಲಿಯ ಬಾಲ ಕಂಡರೆ ಸಾಕು, ಹಳೆಯ ಸಾಮಾನು ಕೊಳ್ಳುವವರು ಇಂದಿಗೂ ಗುರುತು ಹಿಡಿಯುತ್ತಾರೆ. ಪುರಾಣದ ಹೆಸರುಗಳಲ್ಲಿ ಕಮ್ಮಾರರಾದ ವಲ್ಕನ್, ಹೆಫೆಸ್ಟಸ್, ವೇಲ್ಯಾಂಡ್ ಮೂವರದೇ ದರ್ಬಾರು. ಆ ಮೂರನ್ನೂ ಈಗಾಗಲೇ ಎಷ್ಟೋ ಕುಲುಮೆಗಳು ಹಂಚಿಕೊಂಡಿವೆ.

ಆದರೆ ಹೆಸರು ನಿಜವಾಗಿ ಪರೀಕ್ಷೆಗೆ ಬೀಳುವುದು ಮುದ್ರೆಯ ಮುಖದಲ್ಲಿ. ಫಲಕದ ಮೇಲೆ, ಕಾರ್ಡಿನ ಮೇಲೆ ಎಷ್ಟು ಉದ್ದದ ಹೆಸರಾದರೂ ಕೂರುತ್ತದೆ. ಕೊಕ್ಕೆಯ ಹಿಂಪಟ್ಟಿಯಲ್ಲಿ ಸಿಗುವ ಜಾಗ ಸುಮಾರು 12 ಮಿಲಿಮೀಟರ್. ಕಾದ ಕಬ್ಬಿಣದಲ್ಲಿ ಗೆರೆ ಸ್ಪಷ್ಟವಾಗಿ ಮೂಡಬೇಕಾದರೆ 0.8 ಮಿಲಿಮೀಟರಿಗಿಂತ ಸಣ್ಣದಿರಬಾರದು, ಗೆರೆಗೂ ಗೆರೆಗೂ ನಡುವೆ ಅಷ್ಟೇ ಅಂತರ ಬೇಕು. ಹಾಗೆ ಲೆಕ್ಕ ಹಾಕಿದರೆ ಇಂಗ್ಲಿಷಿನ ಎಚ್ ಒಂದಕ್ಕೇ 2.4 ಮಿಲಿಮೀಟರ್ ಹೋಗುತ್ತದೆ. ಐದಕ್ಷರದ ಹೆಸರು 15ರ ಹತ್ತಿರ ಬರುತ್ತದೆ. ಮುಖ ಅಗಲವಾದಷ್ಟೂ ಒಂದೇ ಏಟಿಗೆ ಒತ್ತಲು ಹೆಚ್ಚು ಬಲ ಬೇಕು. ಎರಡನೇ ಏಟಿಗೆ ಮುದ್ರೆ ಕೂದಲೆಳೆಯಷ್ಟು ಜರುಗಿದರೂ ಅಕ್ಷರ ಎರಡೆರಡಾಗಿ ಕಾಣುತ್ತದೆ. ಆದ್ದರಿಂದ ಹೆಸರು ಆರಿಸುವಾಗಲೇ ಅದರಿಂದ ಒಂದು ಅಕ್ಷರವೋ ಒಂದು ಸರಳ ಚಿತ್ರವೋ ಹುಟ್ಟುತ್ತದೆಯೇ ಎಂದು ನೋಡಿಕೊಳ್ಳಬೇಕು.

ಇನ್ನೊಂದು ಸೂಕ್ಷ್ಮವಿದೆ. ಮುದ್ರೆಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ಎ, ಎಚ್, ಐ, ಎಂ, ಒ, ಟಿ, ಯು, ವಿ, ಡಬ್ಲ್ಯೂ, ಎಕ್ಸ್, ವೈ ಮಾತ್ರ ಎಡಬಲ ಒಂದೇ ಆಗಿರುವುದರಿಂದ ತಿರುಗಿಸುವ ಗೋಜಿಲ್ಲ. ಕನ್ನಡ ಅಕ್ಷರ ಬೇಕೆನ್ನುವವರಿಗೆ ‘ಗ’ ಸುಲಭ: ಒಂದು ಕಮಾನು, ಮೇಲೊಂದು ತಲೆಕಟ್ಟು. ‘ಕ್ಷ’, ‘ಖ’ ಇಂಥವುಗಳ ಒಳಸುರುಳಿಗಳು ಈ ಅಳತೆಯಲ್ಲಿ ಮುಚ್ಚಿಹೋಗುತ್ತವೆ.

ಮಧ್ಯಾಹ್ನದ ಹೊತ್ತಿಗೆ ಅವರ ಮನೆಯವರು ಚಹಾ ತಂದಿಟ್ಟು, “ಹಟ್ಟಿಯೊಳಗೆ ಕೂತು ಇಷ್ಟು ಯೋಚನೆ ಮಾಡುದಾ? ಹಟ್ಟಿ ಅಂತಲೇ ಇಟ್ರೆ ಆಯ್ತಲ್ಲ ಮಾರಾಯ್ರೆ” ಅಂದರು. ಕರಾವಳಿಯ ಮನೆಗಳಲ್ಲಿ ದನದ ಕೊಟ್ಟಿಗೆಯೇ ಹಟ್ಟಿ. ಕುಲುಮೆ ಇದ್ದದ್ದೂ ಕೊಟ್ಟಿಗೆಯಲ್ಲೇ. ಇಂಗ್ಲಿಷಿನಲ್ಲಿ ಬರೆದರೆ ಎಚ್, ಎ, ಟಿ, ಟಿ, ಐ, ಐದೂ ಎಡಬಲ ಸಮನಾದ ಅಕ್ಷರಗಳು. ಅಲ್ಲಿನ ಗಿರಾಕಿಗಳ ನಾಲಿಗೆಗೂ ಕಷ್ಟವಿಲ್ಲ. ಫೋನಿನಲ್ಲಿ ಒಮ್ಮೆ ಹೇಳಿ, ಕೇಳಿದವರು ಸರಿಯಾಗಿ ಬರೆದುಕೊಳ್ಳುತ್ತಾರೆಯೇ ಎಂದು ನೋಡುವುದು ನಾವೆಲ್ಲ ಮಾಡುವ ಪರೀಕ್ಷೆ. ಅಲ್ಲಿ ಒಂದು ‘ಟಿ’ಯೋ ಎರಡೋ ಎಂಬ ಗೊಂದಲವೊಂದೇ ಉಳಿಯಿತು. ಎರಡು ಬಗೆಯ ವಿಳಾಸವನ್ನೂ ಅಂತರ್ಜಾಲದಲ್ಲಿ ಕಾದಿರಿಸಿದರೆ ಅದು ಮುಗಿಯುತ್ತದೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಪೆನ್ಸಿಲ್ವೇನಿಯಾದಲ್ಲಿ ಸ್ವಂತ ಉಪನಾಮವಿಲ್ಲದ ಹೆಸರಿನಲ್ಲಿ ವ್ಯಾಪಾರ ಮಾಡುವವರು ರಾಜ್ಯದಲ್ಲಿ ಆ ಹೆಸರನ್ನು ನೋಂದಾಯಿಸಬೇಕು, ಶುಲ್ಕ 70 ಡಾಲರ್. ಟ್ರೇಡ್‌ಮಾರ್ಕ್ ಬೇರೆಯೇ ವ್ಯವಹಾರ. ಅದಕ್ಕೆ ಒಂದೊಂದು ವರ್ಗಕ್ಕೆ 350 ಡಾಲರ್. ಚಾಕು, ಕೈಉಪಕರಣಗಳು 8ನೇ ವರ್ಗ, ಲೋಹದ ಕೊಕ್ಕೆಗಳು 6ನೇ ವರ್ಗ. ‘ಫೋರ್ಜ್’ ಎಂಬ ಪದದ ಮೇಲೆ ಯಾರಿಗೂ ಹಕ್ಕು ಸಿಗುವುದಿಲ್ಲ, ಅದರ ಹಿಂದಿನ ಪದವೇ ಬೇರೆಯಾಗಿರಬೇಕು. ಸಂತೆಯಲ್ಲಿ ಮಾರುವ ಹವ್ಯಾಸಿಗೆ ಟ್ರೇಡ್‌ಮಾರ್ಕ್ ತುರ್ತಿಲ್ಲ, ಆದರೆ ಅದೇ ಹೆಸರು ಬೇರೆಯವರದಾಗಿದೆಯೇ ಎಂದು ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿಯ ಉಚಿತ ಹುಡುಕಾಟದಲ್ಲಿ ನೋಡಿಕೊಳ್ಳುವುದು ತುರ್ತು. ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಕೆಲಸಕ್ಕೆ ಇಟ್ಟುಕೊಂಡ ಕಂಪನಿಯ ಹೊರಗೆ ಹೀಗೆ ಮಾಡಿ ಮಾರುವುದು ವೀಸಾಕ್ಕೇ ತೊಂದರೆ ತರುತ್ತದೆ. ಹೆಸರಿಡಿ, ಬಡಿಯಿರಿ, ಮಾರುವ ಮುನ್ನ ವಕೀಲರನ್ನು ಕೇಳಿ.

ಗುರುತಿಗೆ ಎಚ್ ಅಕ್ಷರದ ಮೇಲೆ ಎರಡು ಪಕಾಸಿ (ಮಾಡಿನ ಓರೆ ಮರ) ಇಟ್ಟೆವು, ಎಚ್‌ನ ಎರಡು ಕಂಬಗಳೇ ಗೋಡೆ, ಮೇಲೆ ಮಾಡು. ಅಗಲ 8 ಮಿಲಿಮೀಟರ್, ಎತ್ತರ 10, ಗೆರೆಯ ದಪ್ಪ 1. ಎಲ್ಲವೂ ನೇರ ಗೆರೆ, ಹಾಗಾಗಿ ಅರದಿಂದಲೇ ಕೊರೆಯಬಹುದು, ಒಂದು ಜಾಗ ಬಿಟ್ಟು. ಎಚ್‌ನ ಅಡ್ಡಗೆರೆಯ ಕೆಳಗಿನ ಖಾಲಿ ಜಾಗ ಬುಡದಲ್ಲಿ ತೆರೆದಿದೆ, ಅಲ್ಲಿಗೆ ಅರ ಹೋಗುತ್ತದೆ. ಮೇಲಿನದು ಮಾಡಿನಿಂದ ಮುಚ್ಚಿದೆ, ಅರ ನುಗ್ಗಲು ದಾರಿಯಿಲ್ಲ. ಮುಚ್ಚಿದ ಜಾಗವಿರುವ ಯಾವ ಮುದ್ರೆಗೂ ಕ್ರಮ ಒಂದೇ: ಒಳಗಿನ ಖಾಲಿ ಮೊದಲು, ಹೊರಗೆರೆ ಆಮೇಲೆ. ಆ ಖಾಲಿಯ ಆಕಾರದ್ದೇ ಒಂದು ಸಣ್ಣ ಪಂಚ್ ಮಾಡಿ, ಕಾದ ಮುದ್ರೆಯ ಮುಖಕ್ಕೆ ಇಳಿಸಬೇಕು.

ಆ ಪಂಚನ್ನು ಒ-1 ಎಂಬ ಉಪಕರಣದ ಉಕ್ಕಿನ 8 ಮಿಲಿಮೀಟರ್ ಸರಳಿನಿಂದ ಮಾಡಿದರು. ತುದಿಯನ್ನು 6 ಮಿಲಿಮೀಟರ್ ಅಗಲದ ಪುಟ್ಟ ಮನೆಯಾಕಾರಕ್ಕೆ ಅರದಿಂದ ಉಜ್ಜಿ, 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಕಾಯಿಸಿ ಎಣ್ಣೆಗೆ ಅದ್ದಿ, ಒಣಹುಲ್ಲಿನ ಬಣ್ಣ ಬರುವ ತನಕ ಮತ್ತೆ ಮೆಲ್ಲಗೆ ಕಾಯಿಸಿ, ಗಡುಸು ತುಸು ತಗ್ಗುವಂತೆ ಹದ ಇಳಿಸಿದರು. ಮುದ್ರೆಗೆ ಆರಿಸಿದ್ದು ಹಳೆಯ ಕಾರಿನ ಸುರುಳಿ ಸ್ಪ್ರಿಂಗು, ನೆಟ್ಟಗೆ ಮಾಡಿ ಕತ್ತರಿಸಿದ 16 ಮಿಲಿಮೀಟರ್ ದಪ್ಪದ, 125 ಮಿಲಿಮೀಟರ್ ಉದ್ದದ ತುಂಡು. ಬಿಸಿ ಮುದ್ರೆಗೆ ಎಚ್-13 ಉಕ್ಕು ಉತ್ತಮ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ಅದು ಬರೀ ಗಾಳಿಗೆ ತಣ್ಣಗಾದರೂ ಗಡುಸಾಗುವ ಉಕ್ಕು. ಬಿಸಿ ಮಾಡಿ ಪಂಚ್ ಇಳಿಸಿದ ಮೇಲೆ ಅರ ಅದರ ಮೇಲೆ ಜಾರುತ್ತದೆಯೇ ಹೊರತು ತಿನ್ನುವುದಿಲ್ಲ. ಮನೆಯ ಕುಲುಮೆಯಲ್ಲಿ ಅದನ್ನು ಮತ್ತೆ ಮೆದು ಮಾಡುವುದು ಕಷ್ಟ. ಸ್ಪ್ರಿಂಗಿನ ಉಕ್ಕು ಬೂದಿಯಲ್ಲಿ ಹೂತಿಟ್ಟರೆ ಮೆದುವಾಗುತ್ತದೆ.

ತುಂಡಿನ ತುದಿ ಕಿತ್ತಳೆ ಬಣ್ಣಕ್ಕೆ ಬಂದಾಗ ಅದನ್ನು ವೈಸಿನಲ್ಲಿ ನಿಲ್ಲಿಸಿ, ತಂತಿ ಬ್ರಷ್ಷಿನಿಂದ ಹಕ್ಕಳೆ (ಕಾದ ಕಬ್ಬಿಣದ ಮೇಲೆ ಏಳುವ ಕರಿ ಪದರ) ಉಜ್ಜಿ, ನಡುವೆ ಪಂಚ್ ಇಟ್ಟು ಒಂದು ಕಿಲೋ ಸುತ್ತಿಗೆಯಿಂದ ಎರಡೇ ಏಟು, ತಕ್ಷಣ ಮೇಲಕ್ಕೆ. ಪಂಚ್ ಅಲ್ಲೇ ನಿಂತರೆ ಕಾವು ಏರಿ ಅದರ ಹದ ಹೋಗುತ್ತದೆ. ಆಳ ಒಂದೂವರೆ ಮಿಲಿಮೀಟರ್ ಸಾಕು. ಸುತ್ತ ಉಬ್ಬಿದ ಲೋಹವನ್ನು ಆಮೇಲೆ ಅರ ತೆಗೆಯುತ್ತದೆ. ತುಂಡನ್ನು ಮತ್ತೆ ಅಯಸ್ಕಾಂತ ಹಿಡಿಯದಷ್ಟು, ಅದರಿಂದ ತುಸು ಮೇಲಕ್ಕೆ ಕಾಯಿಸಿ, ಬಿಸಿ ಬೂದಿಯ ಡಬ್ಬಿಯಲ್ಲಿ ರಾತ್ರಿಯಿಡೀ ಹೂತಿಟ್ಟರು. ಬೂದಿ ಒದ್ದೆಯಿದ್ದರೆ ಉಕ್ಕು ಬೇಗ ತಣ್ಣಗಾಗಿ ಮೆದುವಾಗದೆ ಉಳಿಯುತ್ತದೆ, ಮೊದಲೇ ಒಣಗಿಸಿಕೊಳ್ಳಬೇಕು.

ಭಾನುವಾರದ ಅರದ ಕೆಲಸವೇ ನಿಜವಾದ ಕೊರೆತ. ಮುಖವನ್ನು ಸಮ ಮಾಡಿ, ನೀಲಿ ಶಾಯಿ ಬಳಿದು, ಮೊನೆಯಿಂದ ಗೆರೆ ಗೀಚಿ, ಚೌಕದ ಸೂಜಿ ಅರದಿಂದ ಮೊದಲು ಕೆಳಗಿನ ತೆರಪು, ಆಮೇಲೆ ಹೊರಗೆರೆ. ಗೆರೆಯ ಪಕ್ಕೆಗಳು ಲಂಬವಾಗಿರಬಾರದು. ಬುಡ ಅಗಲವಾಗಿ ತುದಿ ಕಿರಿದಾಗುವಂತೆ 10–15 ಡಿಗ್ರಿ ಇಳಿಜಾರು ಬೇಕು, ಇಲ್ಲವಾದರೆ ಮುದ್ರೆ ಕಾದ ಕಬ್ಬಿಣದಲ್ಲಿ ಕಚ್ಚಿಕೊಂಡು ಎಳೆಯುವಾಗ ಗೆರೆ ಮುರಿಯುತ್ತದೆ. ಮುಖವೂ ತೀರಾ ಚಪ್ಪಟೆ ಇರಬಾರದು. ನಡುವೆ ಕಂಡೂ ಕಾಣದಷ್ಟು ಉಬ್ಬು ಇದ್ದರೆ ಕೈ ಸ್ವಲ್ಪ ಓರೆಯಾದರೂ ಇಡೀ ಗುರುತು ಮೂಡುತ್ತದೆ. ಆಗಾಗ ಮೇಣದಬತ್ತಿಯ ಮಸಿ ಹಿಡಿಸಿ ಕಾಗದಕ್ಕೆ ಒತ್ತಿ ನೋಡುತ್ತಿದ್ದರು. ಬಲಗಡೆಯ ಪಕಾಸಿ ಎಡಗಡೆಗಿಂತ ದಪ್ಪಗಿದ್ದದ್ದು ಬರಿಗಣ್ಣಿಗೆ ಕಾಣದೆ ಮಸಿಯಲ್ಲೇ ಕಂಡದ್ದು.

ಕೊನೆಗೆ ಹದ. ಮುಖದ ಕಡೆಯ ಒಂದಿಂಚನ್ನು 830 ಡಿಗ್ರಿಯ ಹತ್ತಿರ ಕಾಯಿಸಿ ಬೆಚ್ಚಗಿನ ಕ್ಯಾನೋಲಾ ಎಣ್ಣೆಗೆ ಅದ್ದಿ, ಪಕ್ಕೆಯನ್ನು ಹೊಳೆಯುವಂತೆ ಉಜ್ಜಿ, ಹಿಂದಿನಿಂದ ಮೆಲ್ಲಗೆ ಕಾಯಿಸಿದರು. ಬಣ್ಣಗಳು ಮುಖದತ್ತ ಹರಿದು ಬಂದು, ಅಲ್ಲಿ ಕಂದು ದಾಟಿ ನೇರಳೆ ತಿರುಗುವಾಗ ನೀರಿಗೆ. ಏಟು ಬೀಳುವ ಹಿಂದಿನ ತುದಿಗೆ ಹದ ಕೊಡಲೇಬಾರದು. ಅದು ಗಡುಸಾದರೆ ಸುತ್ತಿಗೆಯ ಏಟಿಗೆ ಚೂರು ಸಿಡಿದು ಕಣ್ಣಿಗೆ ಹೊಡೆಯುತ್ತದೆ.

ಒತ್ತುವುದು ಕೊಕ್ಕೆಯ ಹಿಂಪಟ್ಟಿ ಚಪ್ಪಟೆಯಾದ ಮೇಲೆ, ಸ್ಕ್ರೂ ತೂತು ಹೊಡೆಯುವ ಮೊದಲು. ಇನ್ನೂ ಮೊದಲೇ ಒತ್ತಿದರೆ ಮುಂದಿನ ಬಡಿತಕ್ಕೆ ಗುರುತು ಮುಚ್ಚುತ್ತದೆ, ತೂತಾದ ಮೇಲೆ ಒತ್ತಿದರೆ ಲೋಹ ಹರಡಿ ತೂತು ಓರೆಯಾಗುತ್ತದೆ. ಹಳದಿಗೆ ತಿರುಗುವ ಕಿತ್ತಳೆ ಕಾವು, ಒಮ್ಮೆ ಬ್ರಷ್ಷು, ಅಡೆಗಲ್ಲಿನ ನಡುಮುಖ, ಒಂದೇ ಗಟ್ಟಿ ಏಟು. ಹಕ್ಕಳೆ ಬಿಟ್ಟರೆ ಮಾಡಿನ ಮೇಲೆ ಗುಳಿಗಳು ಮೂಡುತ್ತವೆ. ಎರಡು ಮೂರು ಕೊಕ್ಕೆಗೊಮ್ಮೆ ಮುದ್ರೆಯನ್ನು ಬದಿಗಿಟ್ಟು ಆರಲು ಬಿಡಬೇಕು, ಇಲ್ಲದಿದ್ದರೆ ಅದರ ಹದವೂ ಇಳಿಯುತ್ತದೆ.

ಈ ಅಳತೆ ಕೊಕ್ಕೆಗೆ, ಬಾಗಿಲ ಅಗುಳಿಗೆ ಸರಿ. ಚಮಚದ ಹಿಡಿ, ಬಾಟಲಿ ಓಪನರುಗಳಿಗೆ ಇದು ದೊಡ್ಡದಾಗುತ್ತದೆ, ತೆಳು ಲೋಹ ಹಿಂದಿನ ಕಡೆಗೆ ಉಬ್ಬುತ್ತದೆ. ಅವಕ್ಕೆ 5 ಮಿಲಿಮೀಟರಿನ ಇನ್ನೊಂದು ಮುದ್ರೆ ಬೇಕು. ಅಷ್ಟು ಚಿಕ್ಕದರಲ್ಲಿ ಎಚ್‌ನ ಅಡ್ಡಗೆರೆಗೆ ಜಾಗವಿರುವುದಿಲ್ಲ, ಎರಡು ಗೋಡೆ, ಒಂದು ಮಾಡು ಮಾತ್ರ ಉಳಿಸಿಕೊಳ್ಳುವುದೆಂದು ಚಿತ್ರ ಬರೆದಾಗಿದೆ. ಆಗ ಮುಚ್ಚಿದ ಜಾಗವೇ ಇರುವುದಿಲ್ಲವಾದ್ದರಿಂದ ಎಚ್-13 ಸರಳನ್ನು ಬಿಸಿ ಮಾಡದೆ ಅರದಿಂದಲೇ ಪೂರ್ತಿ ಕೊರೆಯಬಹುದು.